ಮರವಾದ ಮೇಲೂ ಬಗ್ಗಿದವರು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ಮಕ್ಕಳ ಮುಂದೆ ಹೇಳದ ತಂದೆತಾಯಿಗಳು ಕಡಿಮೆ. ಮಕ್ಕಳನ್ನು ಸಂಗೀತ ಪಾಠಕ್ಕೆ, ಗಣಿತದ ಟ್ಯೂಷನ್ನಿಗೆ ಅಟ್ಟುವಾಗ ಈ ಗಾದೆ ಒದಗಿ ಬರುತ್ತದೆ. ತಾವು ಹೊಸದೇನನ್ನೂ ಕಲಿಯದೆ ಟಿ.ವಿ. ಮುಂದೆ ಕೂರುವುದಕ್ಕೂ ಅದೇ ನೆಪವಾಗುತ್ತದೆ!

ಸಾರಕ್ಕಿಯ ಅಪ್ಪ ಅಮ್ಮಂದಿರಿಗೆ ಈ ನೆಪ ಹೇಳುವುದು ಸ್ವಲ್ಪ ಕಷ್ಟ. 2004ರಲ್ಲಿ ಆರಂಭವಾದ ಜೆ.ಪಿ. ನಗರದ ರಂಗಶಂಕರ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ನಾಟಕ ನೋಡಿ ಮನೆಗೆ ಬರುವಾಗ ಮಗಳು, “ಅಪ್ಪಾ, ಪೂರ್ತಿ ಹಾಡಿನಲ್ಲೇ ನಾಟಕ ಆಡಿದರೆ ಅದಕ್ಕೆ ಒಪೆರಾ ಅಂತಾರಂತೆ. ಅದು ನಮ್ಮಲ್ಲಿಲ್ಲವಾ?” ಎಂದು ಕೇಳಿದಳು ಎನ್ನೋಣ. ಸರಿಗಮವನ್ನೂ ಕಲಿಯದ, ನಲವತ್ತೈದು ದಾಟಿದ ಅಪ್ಪ ಏನು ಹೇಳಬೇಕು? “ನಿನ್ನ ಪಾಠ ನೋಡಿಕೋ ಹೋಗಮ್ಮ” ಎಂದು ಗದರಬಹುದು. ಇಲ್ಲವೇ, “ಗೊತ್ತಿಲ್ಲ, ಇಬ್ಬರೂ ಕಲಿಯೋಣ” ಎನ್ನಬಹುದು.

ಕಲಿಯಲು ಹೊರಟರೆ ಉತ್ತರ ಮನೆಯಂಗಳದಲ್ಲೇ ಸಿಗುತ್ತದೆ. ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತದಲ್ಲಿ ಪಾತ್ರಧಾರಿಗಳೇ ಹಾಡುತ್ತಾರೆ. ಕರಾವಳಿಯ ಯಕ್ಷಗಾನದಲ್ಲಿ ಹಾಡು ಭಾಗವತರದು. ಕುಣಿತ ಮತ್ತು ಮಾತು ವೇಷಧಾರಿಗಳದು. ಕಳೆದ ಶತಮಾನದಲ್ಲಿ ಶಿವರಾಮ ಕಾರಂತರು ‘ಕಿಸಾ ಗೋತಮಿ’ಯಂಥ ಗೀತನಾಟಕಗಳನ್ನು ಬರೆದರು. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರು ಹೊಟ್ಟೆಪಾಡಿಗೆ ಮೈಸೂರು ಸಂಸ್ಥಾನದ ಸೇನಾ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ‘ಅಹಲ್ಯೆ’, ‘ಗೋಕುಲ ನಿರ್ಗಮನ’ದಂಥ ಗೇಯನಾಟಕಗಳನ್ನು ರಚಿಸಿದರು. ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೃಷ್ಣ ಗೋಕುಲವನ್ನು ಬಿಟ್ಟು ಹೊರಡುವ ಸಂಕಟವನ್ನು ಹಾಡಾಗಿಸಿದ ‘ಗೋಕುಲ ನಿರ್ಗಮನ’ವನ್ನು ಬಹುಕಾಲದ ನಂತರ ಬಿ.ವಿ. ಕಾರಂತರು ನೀನಾಸಂ ಕಲಾವಿದರಿಂದ ಆಡಿಸಿದಾಗ, ಓದಿನ ಪುಸ್ತಕ ರಂಗದ ಮೇಲೆ ಜೀವ ತಳೆಯಿತು.

ಇನ್ನು ಒಪೆರಾ ಎಂಬ ಹೆಸರು. ಇಟಲಿಯ ಭಾಷೆಯಲ್ಲಿ ಆ ಪದಕ್ಕೆ ‘ಕೆಲಸ’, ‘ಕೃತಿ’ ಎಂದಷ್ಟೇ ಅರ್ಥ. ಅದರ ಹುಟ್ಟಿನ ಕಥೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದ ಮನೆತನವೊಂದು ಬರುತ್ತದೆ. ಹದಿನಾರನೆಯ ಶತಮಾನದ ಫ್ಲಾರೆನ್ಸ್ ನಗರದಲ್ಲಿ ಬಾರ್ದಿ ಎಂಬ ಶ್ರೀಮಂತರ ಮನೆಯಲ್ಲಿ ಕವಿಗಳು, ಗಾಯಕರು, ಪಂಡಿತರು ಸೇರುತ್ತಿದ್ದರು. ಪ್ರಾಚೀನ ಗ್ರೀಕರ ನಾಟಕ ಪ್ರೇಕ್ಷಕರನ್ನು ಅಷ್ಟೊಂದು ಅಲುಗಾಡಿಸುತ್ತಿದ್ದುದು ಹೇಗೆ ಎಂಬುದು ಅವರ ಚರ್ಚೆ. ಆ ಗುಂಪಿನಲ್ಲಿದ್ದ ಒಬ್ಬ ತಂತಿವಾದ್ಯಗಾರ ವಿಂಚೆನ್ಸೊ ಗೆಲಿಲಿ. ಹೌದು, ದೂರದರ್ಶಕದ ಗೆಲಿಲಿಯೊನ ತಂದೆ!

ಈತ ಗ್ರೀಕ್ ಸಂಗೀತವನ್ನು ಕಲಿಯಲು ಹೊರಟದ್ದು ಸುಮಾರು ಐವತ್ತರ ವಯಸ್ಸಿನಲ್ಲಿ. 1572ರಿಂದ ರೋಮಿನಲ್ಲಿದ್ದ ಮೇಯಿ ಎಂಬ ವಿದ್ವಾಂಸನಿಗೆ ಕಾಗದ ಬರೆದು ಸಂಶಯ ಕೇಳಿದ. ಉತ್ತರಗಳನ್ನು ಓದಿ ತನ್ನ ಹಳೆಯ ನಂಬಿಕೆಗಳನ್ನು ತಿದ್ದಿಕೊಂಡ. ಹಲವು ಕಂಠಗಳು ಏಕಕಾಲಕ್ಕೆ ಬೇರೆ ಬೇರೆ ಧಾಟಿ ಹಾಡಿದರೆ ಮಾತು ಕೇಳಿಸದು, ಒಂದೇ ಕಂಠ ಮಾತಿನ ಭಾವ ಹಿಡಿದು ಹಾಡಬೇಕು ಎಂದು 1581ರ ತನ್ನ ಪುಸ್ತಕದಲ್ಲಿ ವಾದಿಸಿದ. ಗ್ರೀಕರು ನಾಟಕವನ್ನೆಲ್ಲ ಹಾಡುತ್ತಿದ್ದರು ಎಂಬ ಮೇಯಿಯ ಊಹೆ ಪೂರ್ತಿ ಸರಿಯಲ್ಲ. ಅದರಲ್ಲಿ ಆಡುಮಾತೂ ಇತ್ತು. ಆದರೂ ಈ ಹುಡುಕಾಟದಿಂದಲೇ ಪೆರಿ ಎಂಬಾತನ ‘ದಾಫ್ನೆ’ (ಸುಮಾರು 1598), ಮೊಂತೆವೆರ್ದಿಯ ‘ಓರ್ಫೆಯೊ’ (1607) ಮೂಡಿದವು. ಅರಮನೆಯ ಈ ಕಲೆ 1637ರಲ್ಲಿ ವೆನಿಸ್ ನಗರದಲ್ಲಿ ಟಿಕೆಟ್ ಕೊಂಡ ಸಾಮಾನ್ಯರ ಮುಂದೆ ಬಂತು. ವಿಂಚೆನ್ಸೊ 1591ರಲ್ಲೇ ತೀರಿಕೊಂಡಿದ್ದ. ಒಂದು ಒಪೆರಾವನ್ನೂ ನೋಡಲಿಲ್ಲ.

ಆದರೆ ಆತ ಇನ್ನೊಂದು ಕೆಲಸ ಮಾಡಿಹೋದ. ತಂತಿಗೆ ತೂಗುಬಿಟ್ಟ ಭಾರವನ್ನು ಎರಡರಷ್ಟು ಮಾಡಿದರೆ ಸ್ವರ ಕೆಳಗಿನ ‘ಸ’ದಿಂದ ಮೇಲಿನ ‘ಸ’ಕ್ಕೆ ಏರುತ್ತದೆ ಎಂದು ಪೈಥಾಗೊರಸನ ಹೆಸರಿನಲ್ಲಿ ಶತಮಾನಗಳಿಂದ ಹೇಳಿಕೊಂಡು ಬಂದಿದ್ದರು. ಯಾರೂ ಪರೀಕ್ಷಿಸಿರಲಿಲ್ಲವೇನೋ! ಅರವತ್ತು ದಾಟಿದ ವಿಂಚೆನ್ಸೊ ಭಾರ ತೂಗಿಸಿ ನೋಡಿದ. ಎರಡರಷ್ಟು ಸಾಲದು, ನಾಲ್ಕರಷ್ಟು ಬೇಕು! ಕಂಪನಾಂಕ ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂದು ಇಂದಿನ ಪಠ್ಯಗಳು ಹೇಳುವುದು ಇದನ್ನೇ. ಅಪ್ಪನ ಆಸೆಯಂತೆ ವೈದ್ಯನಾಗದೆ, ಪದವಿಯನ್ನೂ ಪಡೆಯದೆ 1585ರಲ್ಲಿ ಪೀಸಾ ವಿಶ್ವವಿದ್ಯಾಲಯ ಬಿಟ್ಟ ಮಗ ಆಗ ಇಪ್ಪತ್ತರ ಹರೆಯದವನು. ‘ಹೇಳಿದ್ದನ್ನು ನಂಬಬೇಡ, ಅಳೆದು ನೋಡು’ ಎಂಬ ಪಾಠವನ್ನು ಅವನು ಮನೆಯಲ್ಲೇ ಕಂಡಿರಬೇಕು ಎಂದು ಹಲವು ಇತಿಹಾಸಕಾರರು ಊಹಿಸುತ್ತಾರೆ.

ಸಾರಕ್ಕಿಯ ಅಪ್ಪ ಮಗಳೂ ಇದನ್ನು ಮಾಡಿ ನೋಡಬಹುದು. ಗಿಟಾರಿನ ಒಂದು ತೆಳು ಉಕ್ಕಿನ ತಂತಿ ತನ್ನಿ. ಒಂದು ತುದಿಯನ್ನು ಮೇಜಿಗೆ ಭದ್ರವಾಗಿ ಬಿಗಿದು, ಮೇಜಿನ ಮೇಲೆ ಅರ್ಧ ಮೀಟರ್ ಅಂತರದಲ್ಲಿ ಎರಡು ಪೆನ್ಸಿಲ್‌ಗಳನ್ನು ಅಡ್ಡ ಇಟ್ಟು, ತಂತಿಯನ್ನು ಅವುಗಳ ಮೇಲೆ ಹಾಯಿಸಿ ಇನ್ನೊಂದು ತುದಿಯನ್ನು ಅಂಚಿನಿಂದ ಇಳಿಬಿಡಿ. ಅದಕ್ಕೆ ಒಂದು ಲೀಟರ್ ನೀರಿನ ಬಾಟಲಿ ಕಟ್ಟಿ ಮೀಟಿ. ಆಮೇಲೆ ಎರಡು, ಕೊನೆಗೆ ನಾಲ್ಕು ಬಾಟಲಿ. ತಂತಿ ಕಡಿದೀತು, ಮುಖ ದೂರವಿರಲಿ. ಕೆಳಗೆ ಕಾಲೂ ಬೇಡ. ಮೇಲಿನ ‘ಸ’ ಯಾವಾಗ ಕೇಳಿಸಿತೆಂದು ಮಗಳೇ ಹೇಳಲಿ. ಅಪ್ಪನ ಕಿವಿಗೆ ಗೊತ್ತಾಗದಿದ್ದರೆ ಅವಳೇ ಕಲಿಸಲಿ.

ಮಕ್ಕಳು ನಾವು ಹೇಳಿದ್ದಕ್ಕಿಂತ ನಾವು ಮಾಡಿದ್ದನ್ನು ಬೇಗ ಕಲಿಯುತ್ತಾರೆ. ಗಾದೆ ಸುಳ್ಳಾಗದು ಎನ್ನುತ್ತಾರೆ, ನಿಜ. ಆದರೆ ಮರ ಬಗ್ಗುವುದಿಲ್ಲ ಎಂದು ಹೇಳುವ ಮೊದಲು ಒಮ್ಮೆಯಾದರೂ ಬಗ್ಗಿಸಿ ನೋಡಬೇಡವೇ?