ಖಾನಾಪುರದ ಮಣ್ಣಿಗೆ ಅಡುಗೆಮನೆಯಲ್ಲಿ ಜಾಗವಿದೆ

ಫ್ರೆಂಚ್ ಈರುಳ್ಳಿ ಸೂಪ್ ಶ್ರೀಮಂತರ ತಿನಿಸೆಂಬ ಭಾವನೆ ನಮ್ಮಲ್ಲಿದೆ. ದುಬಾರಿ ಹೋಟೆಲುಗಳ ದರಪಟ್ಟಿಯೇ ಇದಕ್ಕೆ ಕಾರಣವಿರಬೇಕು. ವಾಸ್ತವವಾಗಿ ಅದು ಹಮಾಲರ ಆಹಾರ. ಪ್ಯಾರಿಸ್ಸಿನ ಲೆ ಆಲ್ ಸಗಟು ಮಾರುಕಟ್ಟೆ 1969ರಲ್ಲಿ ನಗರದ ಹೊರವಲಯದ ರಂಜಿಸ್‌ಗೆ ಸ್ಥಳಾಂತರಗೊಂಡಿತು. ಅಲ್ಲಿಯವರೆಗೂ ರಾತ್ರಿಯಿಡೀ ಮೂಟೆ ಹೊತ್ತವರು ನಸುಕಿನಲ್ಲಿ ಆ ಮಾರುಕಟ್ಟೆಯ ಅಂಗಡಿಗಳಲ್ಲಿ ಕುಡಿಯುತ್ತಿದ್ದ ಬಿಸಿ ಸಾರು ಇದು. ಉಳ್ಳಾಗಡ್ಡಿ, ಬೆಣ್ಣೆ, ಒಣಗಿದ ರೊಟ್ಟಿ, ಒಂದಿಷ್ಟು ಚೀಸ್: ಬಡವನ ಅಡುಗೆಮನೆಯ ಸರಕುಗಳೇ ಎಲ್ಲ.

ಇದಕ್ಕೆ ಬೇಕಾದದ್ದು ಹಣವಲ್ಲ, ಸಮಯ. ಉಳ್ಳಾಗಡ್ಡಿಯ ತೂಕದಲ್ಲಿ ಶೇ 85ಕ್ಕೂ ಹೆಚ್ಚು ನೀರು. ಆ ನೀರು ಆರುವವರೆಗೆ ಅದು ಬೇಯುತ್ತದೆಯೇ ಹೊರತು ಕೆಂಪಾಗುವುದಿಲ್ಲ. ಅವಸರದ ಉರಿಗಿಟ್ಟರೆ ಅಂಚು ಸೀಯುತ್ತದೆ, ಒಡಲು ಹಸಿಯಾಗಿಯೇ ಉಳಿಯುತ್ತದೆ. ನಾನು ಒಂದು ಕಿಲೋ ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ, ಬೆಣ್ಣೆ ಮತ್ತು ಉಪ್ಪು ಬೆರೆಸಿ ಸ್ಲೋ ಕುಕ್ಕರಿನಲ್ಲಿಡುತ್ತೇನೆ. ಹತ್ತು ಗಂಟೆ ಬೇಕು. ಕೊನೆಯ ಎರಡು ತಾಸು ಮುಚ್ಚಳ ತುಸು ಸರಿಸಿರಬೇಕು. ಆಗ ಬರುವ ಬಣ್ಣ ಬೆಳಗಾವಿಯವರಿಗೆ ಹೊಸದಲ್ಲ. ಹಾಲನ್ನು ತಾಳ್ಮೆಯಿಂದ ಬತ್ತಿಸಿ ಕುಂದಾ ಮಾಡುವ ಊರಿಗೆ ನಿಧಾನದ ಉರಿಯ ಪಾಠವನ್ನು ಯಾರೂ ಹೇಳಬೇಕಿಲ್ಲ.

ಆದರೆ ಈ ಯಂತ್ರದೊಳಗಿರುವುದೇನು? ಸುಟ್ಟ ಮಣ್ಣಿನ ಒಂದು ಪಾತ್ರೆ, ಅದರ ಸುತ್ತ ವಿದ್ಯುತ್ ತಂತಿ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಲಿಥುವೇನಿಯಾದ ಯೆಹೂದಿಗಳು ಶುಕ್ರವಾರ ಸಂಜೆ ಬೇಕರಿಯ ಆರುತ್ತಿರುವ ಒಲೆಯಲ್ಲಿ ಮಡಕೆಯಿಟ್ಟು ಮರುದಿನ ಉಣ್ಣುತ್ತಿದ್ದ ಪದ್ಧತಿಯನ್ನು ತಾಯಿಯಿಂದ ಕೇಳಿದ್ದೇ ಅವರಿಗೆ ಸ್ಫೂರ್ತಿ. 1971ರಲ್ಲಿ ‘ಕ್ರಾಕ್ ಪಾಟ್’ ಎಂಬ ಹೆಸರಿನಲ್ಲಿ ಅದೇ ಮಡಕೆ ಮನೆಮನೆಗೆ ಹೋಯಿತು. ಸಾವಿರಾರು ರೂಪಾಯಿ ತೆತ್ತು ನಾವು ತರುವುದು ಕುಂಬಾರಿಕೆಯನ್ನೇ.

ಬೆಳಗಾವಿಯಿಂದ ಒಂದು ತಾಸಿನೊಳಗೆ ತಲುಪಬಹುದಾದ ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಆದರೂ ನಮಗೆ ಮಣ್ಣಿನ ಪಾತ್ರೆ ನೆನಪಾಗುವುದು ಬೇಸಿಗೆಯ ತಣ್ಣೀರಿಗೆ ಮತ್ತು ದೀಪಾವಳಿಯ ಹಣತೆಗೆ. ಉಳಿದ ತಿಂಗಳುಗಳಲ್ಲಿ ತಿಗರಿ ತಿರುಗುವುದು ಯಾರಿಗಾಗಿ?

ಕನಿಕರದಿಂದ ಕಸುಬು ಉಳಿಯದು. 2004ರಲ್ಲಿ ರೈಲ್ವೆ ಸಚಿವರಾಗಿದ್ದ ಲಾಲು ಪ್ರಸಾದ್ ರೈಲುಗಳಲ್ಲಿ ಮಣ್ಣಿನ ಕುಡಿಕೆ ಕಡ್ಡಾಯಗೊಳಿಸಿದರು. ಕೆಲವೇ ವರ್ಷಗಳಲ್ಲಿ ಕಾಗದ, ಪ್ಲಾಸ್ಟಿಕ್ ಲೋಟಗಳು ಮರಳಿದವು. 2018ರಲ್ಲಿ ಆರಂಭವಾದ ಕುಂಬಾರ ಸಶಕ್ತೀಕರಣ ಯೋಜನೆ ವಿದ್ಯುತ್ ತಿಗರಿಗಳನ್ನು ಹಂಚಿತು. ಉತ್ಪಾದನೆಯ ವೇಗ ಹೆಚ್ಚಿದರೆ ಸಾಲದು, ಕೊಳ್ಳುವವರಿಗೆ ನಂಬಿಕೆ ಬರಬೇಕು. ಗೃಹಿಣಿಯರ ಆಕ್ಷೇಪಗಳು ನ್ಯಾಯವಾದವು: ಗ್ಯಾಸಿನ ಉರಿಗೆ ಗಡಿಗೆ ಬಿರಿಯುತ್ತದೆ, ಇಂಡಕ್ಷನ್ ಒಲೆ ಅದನ್ನು ಕಾಯಿಸುವುದೇ ಇಲ್ಲ, ಹೊಳಪಿನ ಲೇಪದಲ್ಲಿ ಸೀಸವಿದೆಯೇ ಎಂಬ ಭಯ ಬೇರೆ.

ಇವೆಲ್ಲ ಪರಿಹಾರವಿರುವ ತಾಂತ್ರಿಕ ಪ್ರಶ್ನೆಗಳು. 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟ ಸ್ಟೋನ್‌ವೇರ್ ನೀರು ಹೀರುವುದಿಲ್ಲ, ಗಟ್ಟಿಯಾಗಿರುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೆಳಗಾವಿಯಲ್ಲಿದೆ. ಯಂತ್ರದ ಬಿಡಿಭಾಗ ಎರಕ ಹೊಯ್ಯುವ ಉದ್ಯಮಬಾಗ ಇದೇ ನಗರದಲ್ಲಿದೆ. ವಿದ್ಯಾರ್ಥಿಗಳು, ಉದ್ಯಮಿಗಳು, ಖಾನಾಪುರದ ಕುಂಬಾರರು ಒಟ್ಟಿಗೆ ಕುಳಿತರೆ ಸೀಸರಹಿತವೆಂಬ ಪರೀಕ್ಷಾ ಪತ್ರವಿರುವ, ವಿದ್ಯುತ್ತಿನಿಂದ ಕಾಯುವ ಸ್ಥಳೀಯ ಪಾತ್ರೆಯೊಂದು ಅಸಾಧ್ಯವೇನಲ್ಲ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯಲ್ಲಿ ದೊಣ್ಣೆ ಯಾರದೆಂದು ಹೇಳಿಲ್ಲ. ನಮ್ಮ ಅಸಡ್ಡೆಯೂ ಅಂಥದೊಂದು ದೊಣ್ಣೆ. ಜಿಲ್ಲಾಡಳಿತ ಮತ್ತು ವಿಶ್ವವಿದ್ಯಾಲಯ ಈ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು.