ಖಾತೆ ಆಗದ ಫೈಲು

ನಮ್ಮ ಅಂಗಡಿಯ ಉದ್ರಿ ಲೆಕ್ಕವೆಲ್ಲ ಇರುವುದು ಮನೆಯ ಕಂಪ್ಯೂಟರಿನ ಒಂದು ಹಳೆಯ ಸಾಫ್ಟ್‌ವೇರ್‌ನಲ್ಲಿ. ಅಪ್ಪನ ಪರಿಚಯದವರೊಬ್ಬರು ವಿಷುಯಲ್ ಬೇಸಿಕ್ 6ರಲ್ಲಿ ಬರೆದುಕೊಟ್ಟಿದ್ದು. ಈಚೆಗೆ ಹೊಸ ಕಂಪ್ಯೂಟರ್ ತಂದು, ಆ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸಿ ತೆರೆದರೆ, 'ಎಂಎಸ್‌ಕಾಮ್‌ಸಿಟಿಎಲ್ ಡಾಟ್ ಓಸಿಎಕ್ಸ್' ಸರಿಯಾಗಿ ರಿಜಿಸ್ಟರ್ ಆಗಿಲ್ಲ ಎಂದು ಹೇಳಿ ಮುಚ್ಚಿಕೊಂಡಿತು. ರಿಪೇರಿಯವರು ಬಂದು ನೋಡಿ, 'ಇದು ಹೊಸ ವಿಂಡೋಸ್‌ನಲ್ಲಿ ಓಡಲ್ಲ ಸಾರ್. ಫಾರ್ಮ್ಯಾಟ್ ಮಾಡಿ ಹಳೇದು ಹಾಕ್ತೀನಿ, ಇಲ್ಲಾಂದ್ರೆ ಬೇರೆ ಸಾಫ್ಟ್‌ವೇರ್ ತಗೊಳ್ಳಿ' ಎಂದರು. ಅಪ್ಪನ ಮುಖ ಇಳಿದುಹೋಯಿತು. ಯಾರು ಎಷ್ಟು ಕೊಡಬೇಕು ಎಂಬುದೆಲ್ಲ ಅದರೊಳಗೇ ಇದೆ.

ನಿಜ ಹೇಳಬೇಕೆಂದರೆ ಎರಡೂ ಬೇಕಿರಲಿಲ್ಲ. ಸೈಟು ಕೊಂಡರೆ ಸಾಲದು, ಖಾತೆಯೂ ಆಗಬೇಕಲ್ಲ, ಇದೂ ಹಾಗೆಯೇ. ಇಂಥ ಫೈಲಿನೊಳಗಿನ ಪ್ರತಿ ಘಟಕಕ್ಕೂ ಒಂದು ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆಯದು ಯಾವ ಫೈಲಿನಲ್ಲಿ, ಯಾವ ಫೋಲ್ಡರಿನಲ್ಲಿ ಸಿಗುತ್ತದೆ ಎಂದು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಬರೆದಿರಬೇಕು. ಸೆಟಪ್ ಹಾಕಿದ್ದರೆ ಅದೇ ಬರೆಸುತ್ತಿತ್ತು. ನಾವು ಬರೀ ಫೋಲ್ಡರ್ ಕಾಪಿ ಮಾಡಿದ್ದೆವು. ಕೈಯಾರೆ ಬರೆಸುವುದಕ್ಕೆ ವಿಂಡೋಸ್‌ನಲ್ಲೇ 'ರೆಗ್‌ಎಸ್‌ವಿಆರ್32' ಎಂಬ ಕಮಾಂಡ್ ಇದೆ.

ಹಳೆಯ ಕಂಪ್ಯೂಟರಿನಿಂದ ಆ ಫೈಲನ್ನು ತಂದು 'ಸಿಸ್‌ವಾವ್64' ಫೋಲ್ಡರಿಗೆ ಹಾಕಿದೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಫೈಲುಗಳ ಜಾಗ ಅದು. 64 ಬಿಟ್‌ನವು ಇರುವುದು 'ಸಿಸ್ಟಮ್32'ರಲ್ಲಿ! ಹೆಸರಿಟ್ಟ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ. ಮೊದಲ ಸಲ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಲು ಮರೆತು ಬೈಸಿಕೊಂಡೆ. ಎರಡನೇ ಸಲ 'ಸಕ್ಸೀಡೆಡ್' ಎಂದು ಬಂತು. ಸಾಫ್ಟ್‌ವೇರ್ ತೆರೆದುಕೊಂಡಿತು. ಅಪ್ಪ ಮೊದಲು ನೋಡಿದ್ದು ದೊಡ್ಡ ಬಾಕಿದಾರರ ಪಟ್ಟಿಯನ್ನು.

ನನ್ನ ತಕರಾರು ಇರುವುದು ರಿಪೇರಿಯವರ ಮೇಲಷ್ಟೇ ಅಲ್ಲ, ನನ್ನ ಗೆಳೆಯರ ಮೇಲೂ. 'ಆ ಫೈಲು ನೆಟ್‌ನಲ್ಲಿ ಫ್ರೀ ಸಿಗುತ್ತೆ, ಡೌನ್‌ಲೋಡ್ ಮಾಡಿ ರಿಜಿಸ್ಟರ್ ಮಾಡೋ' ಎಂದು ಮೂವರು ಹೇಳಿದರು. ಮೂವರೂ ಕಂಪ್ಯೂಟರ್ ಸೈನ್ಸ್ ಓದುವವರು. ರೆಗ್‌ಎಸ್‌ವಿಆರ್32 ತಾನಾಗಿ ಏನನ್ನೂ ಬರೆಯುವುದಿಲ್ಲ. ಫೈಲನ್ನು ತೆರೆದು, ಅದರೊಳಗಿನ 'ಡಿಎಲ್‌ಎಲ್ ರಿಜಿಸ್ಟರ್ ಸರ್ವರ್' ಎಂಬ ಭಾಗಕ್ಕೆ 'ನೀನೇ ಬರೆದುಕೋ' ಎನ್ನುತ್ತದೆ, ಅಷ್ಟೇ. ಅಂದರೆ ರಿಜಿಸ್ಟರ್ ಮಾಡುವುದೆಂದರೆ ಆ ಫೈಲನ್ನು ಓಡಿಸಿದಂತೆಯೇ, ಅದೂ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟು. ಗುರುತು ಪರಿಚಯವಿಲ್ಲದ ಜಾಗದಿಂದ ತಂದ ಫೈಲು ಆ ಗಳಿಗೆಯಲ್ಲಿ ಉದ್ರಿ ಲೆಕ್ಕವನ್ನೇ ಅಳಿಸಿದರೂ ಕೇಳುವವರಿಲ್ಲ. ಫೈಲು ಹಳೆಯ ಕಂಪ್ಯೂಟರಿನಿಂದಲೋ, ಸಾಫ್ಟ್‌ವೇರ್‌ನ ಮೂಲ ಸಿಡಿಯಿಂದಲೋ ಬರಬೇಕು. ಫೋಲ್ಡರಿನ ಒಂದು ಪ್ರತಿಯನ್ನು ಮೊದಲೇ ಬೇರೆ ಕಡೆ ಇಟ್ಟುಕೊಂಡಿರಬೇಕು.

ಎಲ್ಲ ಡಿಎಲ್‌ಎಲ್‌ಗಳಿಗೂ ಈ ಮದ್ದು ಹಿಡಿಯುವುದಿಲ್ಲ. ಆ ಭಾಗವೇ ಇಲ್ಲದ ಫೈಲುಗಳು ಬಹಳ ಇವೆ. ಅವನ್ನು ರಿಜಿಸ್ಟರ್ ಮಾಡಹೋದರೆ 'ಎಂಟ್ರಿ ಪಾಯಿಂಟ್ ಸಿಗಲಿಲ್ಲ' ಎಂದು ಬರುತ್ತದೆ. ಫೈಲು ಕೆಟ್ಟಿದೆ ಎಂದಲ್ಲ, ಅದಕ್ಕೆ ಖಾತೆಯೇ ಬೇಕಿಲ್ಲ ಎಂದರ್ಥ. ಅದನ್ನು ನೋಡಿ ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಿಕೊಂಡವರೂ ಆ ಮೂವರಲ್ಲಿ ಒಬ್ಬರಿದ್ದಾರೆ.