ಮೇಲಧಿಕಾರಿಗೆ ಹೊಡೆದ ಆರೋಪ: ಜವಾನನ ಪಾಲಿಗೆ ಇರುವ ಹಕ್ಕುಗಳೇನು?

ಊರಲ್ಲಿ ಇಬ್ಬರು ಕೈಕೈ ಮಿಲಾಯಿಸಿದರೆ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಸೇನೆಯಲ್ಲಿ ಹಾಗಿಲ್ಲ. 1950ರ ಸೇನಾ ಕಾಯ್ದೆಯ 40ನೇ ಕಲಂ ಪ್ರಕಾರ ಕರ್ತವ್ಯದಲ್ಲಿರುವ ಮೇಲಧಿಕಾರಿಯ ಮೇಲೆ ಕೈ ಮಾಡಿದರೆ 14 ವರ್ಷದವರೆಗೆ ಸೆರೆವಾಸ. ಯುದ್ಧಭೂಮಿಯಂಥ ಸಕ್ರಿಯ ಸೇವೆಯಲ್ಲಿ ಹೊಡೆದರೂ ಅಷ್ಟೇ. ಬೇರೆ ಸಂದರ್ಭಗಳಲ್ಲಿ 10 ವರ್ಷದವರೆಗೆ. ಮೇಲಧಿಕಾರಿ ಎಂದರೆ ಕರ್ನಲ್, ಮೇಜರ್ ಮಾತ್ರವಲ್ಲ, ಸಿಪಾಯಿಯ ಪಾಲಿಗೆ ನಾಯಕ್, ಹವಾಲ್ದಾರರೂ ಮೇಲಧಿಕಾರಿಗಳೇ. 2022ರಿಂದ ಭರ್ತಿಯಾಗುತ್ತಿರುವ ಅಗ್ನಿವೀರರಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ.

ಇದೇ ಕಾಯ್ದೆಗೆ ಇನ್ನೊಂದು ಮುಖವೂ ಇದೆ. ಕೈಕೆಳಗಿನವನನ್ನು ಹೊಡೆಯುವ, ಹಿಂಸಿಸುವ ಮೇಲಧಿಕಾರಿಗೆ 47ನೇ ಕಲಂ ಅಡಿ 7 ವರ್ಷದವರೆಗೆ ಶಿಕ್ಷೆಯಿದೆ. ಅನ್ಯಾಯವಾದವನು 26ನೇ ಕಲಂ ಪ್ರಕಾರ ದೂರು ಕೊಡಬಹುದು. ತಿರುಗಿ ಹೊಡೆದವನು ದೂರುದಾರನಾಗುವ ಬದಲು ಆರೋಪಿಯಾಗುತ್ತಾನೆ ಎಂಬುದನ್ನು ಸೇನೆಗೆ ಸೇರುವ ಹುಡುಗರು ಮೊದಲೇ ತಿಳಿದಿರಬೇಕು.

ಮೊದಲ ದಿನಗಳೇ ಮುಖ್ಯ

ಆರೋಪ ಬಂದ ಮೇಲೆ ಏನು? ಬಂಧಿಸಿದ ಯೋಧನನ್ನು ಆರೋಪದ ತನಿಖೆ ನಡೆಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸೇವೆಯ ಅಗತ್ಯದಿಂದ ಅದು ಸಾಧ್ಯವಾಗದಿದ್ದರೆ ಮಾತ್ರ ವಿನಾಯಿತಿ. ಸಕ್ರಿಯ ಸೇವೆಯಲ್ಲಿಲ್ಲದವನ ಬಂಧನ ಎಂಟು ದಿನ ದಾಟಿಯೂ ಕೋರ್ಟ್ ಮಾರ್ಷಲ್‌ಗೆ ಆದೇಶವಾಗದಿದ್ದರೆ ಕಮಾಂಡಿಂಗ್ ಅಧಿಕಾರಿ ವಿಳಂಬದ ಕಾರಣವನ್ನು ಮೇಲಕ್ಕೆ ವರದಿ ಮಾಡಬೇಕು.

ಬಳಿಕ ಬರುವುದು 1954ರ ಸೇನಾ ನಿಯಮಗಳ 22 ಮತ್ತು 23ನೇ ನಿಯಮ. ಇಲ್ಲಿ ಆರೋಪಿಯ ಎದುರಿನಲ್ಲೇ ಸಾಕ್ಷಿಗಳನ್ನು ಕೇಳಬೇಕು. ಅವನು ಪಾಟೀಸವಾಲು ಹಾಕಬಹುದು, ತನ್ನ ಸಾಕ್ಷಿಗಳನ್ನು ಕರೆಸಬಹುದು. ಹೇಳಿಕೆ ಕೊಡಲೇಬೇಕೆಂಬ ಬಲವಂತವಿಲ್ಲ. ಸಾಕ್ಷ್ಯದ ದಾಖಲೆ ಇಂಗ್ಲಿಷಿನಲ್ಲಿರುತ್ತದೆ. ಇಂಗ್ಲಿಷ್ ಬಾರದವನಿಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ವಿವರಿಸಬೇಕೆಂದು ನಿಯಮವೇ ಹೇಳುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿಯೋ ಮಲಯಾಳವೋ ತೆಲುಗೋ ಕಲಿತ ಗಡಿನಾಡಿನ ಹುಡುಗನಿಗೆ ಇದು ಸಣ್ಣ ಹಕ್ಕಲ್ಲ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಿದರೆ ಮುಂದೆ ಅದೇ ಅವನ ವಿರುದ್ಧ ನಿಲ್ಲಬಹುದು.

ವಿಚಾರಣೆಯ ಬಗೆ

ವಿಚಾರಣೆಗೆ ಮುನ್ನ ಆರೋಪ ತಿಳಿಸಿ ಕನಿಷ್ಠ 96 ಗಂಟೆ ಕಾಲಾವಕಾಶ ಕೊಡಬೇಕು. ಸಕ್ರಿಯ ಸೇವೆಯಲ್ಲಿದ್ದರೆ 24 ಗಂಟೆ. ಜನರಲ್ ಮತ್ತು ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್‌ಗಳಲ್ಲಿ ಆರೋಪಿಯ ಪರ ಒಬ್ಬ ಸೇನಾಧಿಕಾರಿ ವಾದಿಸಬಹುದು, ಅನುಮತಿ ಸಿಕ್ಕರೆ ವಕೀಲರೂ ಬರಬಹುದು.

ಸಿಪಾಯಿಗಳು ಎದುರಿಸುವ ಸಮ್ಮರಿ ಕೋರ್ಟ್ ಮಾರ್ಷಲ್‌ನ ರೀತಿಯೇ ಬೇರೆ. ಇಲ್ಲಿ ಕಮಾಂಡಿಂಗ್ ಅಧಿಕಾರಿಯೊಬ್ಬರೇ ನ್ಯಾಯಾಧೀಶರು. ಒಂದು ವರ್ಷದವರೆಗೆ ಜೈಲು ಮತ್ತು ವಜಾ ಶಿಕ್ಷೆ ವಿಧಿಸಬಹುದು. ಆರೋಪಿಯ ವಕೀಲ ಪಕ್ಕದಲ್ಲಿ ಕುಳಿತು ಸಲಹೆ ಕೊಡಬಹುದೇ ಹೊರತು ವಾದಿಸುವಂತಿಲ್ಲ. ತಪ್ಪೊಪ್ಪಿಕೊಳ್ಳುವವನಿಗೆ ಅದರ ಪರಿಣಾಮ ತಿಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ‘ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ’ ಎಂಬ ಮಾತನ್ನು ನಂಬುವ ಮೊದಲು ಒಂದು ಸಂಗತಿ ನೆನಪಿರಲಿ: ವಜಾ ಆದವನ ಪಿಂಚಣಿಯೂ ಸಾಮಾನ್ಯವಾಗಿ ಕೈತಪ್ಪುತ್ತದೆ.

ಸುಪ್ರೀಂ ಕೋರ್ಟ್ ಈ ಅಧಿಕಾರಕ್ಕೆ ಕಡಿವಾಣ ಹಾಕಿದೆ. 1987ರ ರಂಜಿತ್ ಠಾಕೂರ್ ಪ್ರಕರಣದಲ್ಲಿ, ಯಾರ ಮೇಲೆ ಜವಾನ ದೂರಿದ್ದನೋ ಅವರೇ ವಿಚಾರಣೆಯಲ್ಲಿ ಕೂತದ್ದನ್ನು ಒಪ್ಪದೆ, ಶಿಕ್ಷೆಯೂ ಅತಿಯಾಯಿತೆಂದು ರದ್ದುಪಡಿಸಿತು. ತಕ್ಷಣದ ಕ್ರಮ ಅನಿವಾರ್ಯವಾದಾಗ ಮಾತ್ರ ಸಮ್ಮರಿ ಕೋರ್ಟ್ ಮಾರ್ಷಲ್ ನಡೆಸಬೇಕು ಎಂದು 2016ರಲ್ಲಿ ಹೇಳಿತು.

ಮೇಲ್ಮನವಿಗೆ ಎಲ್ಲಿಗೆ?

ಕೋರ್ಟ್ ಮಾರ್ಷಲ್ ತೀರ್ಪಿನ ವಿರುದ್ಧ ಹಿಂದೆ ನೇರ ಮೇಲ್ಮನವಿಯೇ ಇರಲಿಲ್ಲ. ಈ ಕೊರತೆಯನ್ನು 1982ರಲ್ಲೇ ಸುಪ್ರೀಂ ಕೋರ್ಟ್ ಎತ್ತಿ ತೋರಿಸಿತ್ತು. 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಲ್ಲಿ ಕೆಲಸ ಆರಂಭಿಸಿತು. ಸೇನಾ ಬಂಧನದಲ್ಲಿರುವ ಆರೋಪಿಗೆ ಜಾಮೀನು ಕೊಡುವ ಅಧಿಕಾರವೂ ಅದಕ್ಕಿದೆ. ಆದರೆ ಸಮ್ಮರಿ ಕೋರ್ಟ್ ಮಾರ್ಷಲ್‌ನಲ್ಲಿ ವಜಾ ಅಥವಾ ಮೂರು ತಿಂಗಳಿಗೂ ಮೀರಿದ ಜೈಲು ಶಿಕ್ಷೆಯಾಗಿದ್ದರೆ ಮಾತ್ರ ಅಲ್ಲಿಗೆ ಹೋಗಬಹುದು.

ಸೇವೆಯಿಂದ ವಜಾ ಆದವನು ತಾನು ವಾಸವಿರುವ ಪ್ರದೇಶದ ಪೀಠದಲ್ಲೇ ಅರ್ಜಿ ಹಾಕಬಹುದು. ಕಾಸರಗೋಡು, ವಯನಾಡಿನವರಿಗೆ ಕೊಚ್ಚಿ, ಸೋಲಾಪುರ, ಅಕ್ಕಲಕೋಟೆ, ಜತ್ತ ಹಾಗೂ ಗೋವಾದವರಿಗೆ ಮುಂಬೈ, ಹೊಸೂರು, ತಾಳವಾಡಿ, ಆದೋನಿ ಕಡೆಯವರಿಗೆ ಚೆನ್ನೈ. ನ್ಯಾಯಮಂಡಳಿಯ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲು ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ.

ಶಿಸ್ತಿಲ್ಲದ ಸೇನೆ ಇಲ್ಲ ಎಂಬುದು ನಿಜ. ಸಂವಿಧಾನದ 33ನೇ ವಿಧಿ ಯೋಧರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂಸತ್ತಿಗೆ ಅಧಿಕಾರ ಕೊಟ್ಟಿರುವುದೂ ಅದಕ್ಕಾಗಿಯೇ. ಆದರೆ ಆ ಸಂಸತ್ತೇ ಮಾಡಿದ ಕಾಯ್ದೆ ಉಳಿಸಿಕೊಟ್ಟ ಹಕ್ಕುಗಳು ಯಾರ ಔದಾರ್ಯವೂ ಅಲ್ಲ. ಮೇಲ್ಮನವಿಯಲ್ಲಿ ಪೀಠದ ಮುಂದೆ ಬರುವುದು ಮೊದಲ ವಾರಗಳಲ್ಲಿ ಬರೆದಿಟ್ಟ ದಾಖಲೆ. ಆಗ ಕೇಳದ ಪ್ರಶ್ನೆಯನ್ನು, ಕರೆಸದ ಸಾಕ್ಷಿಯನ್ನು ಐದಾರು ವರ್ಷದ ನಂತರ ಹುಡುಕುವುದು ಕಷ್ಟ. ಆದ್ದರಿಂದ ಮಗ ಬಂಧನದಲ್ಲಿದ್ದಾನೆ ಎಂಬ ಸುದ್ದಿ ಬಂದ ದಿನವೇ ಸೇನಾ ಕಾನೂನು ಬಲ್ಲ ವಕೀಲರನ್ನು ಕಾಣುವುದು ಮನೆಯವರು ಮಾಡಬೇಕಾದ ಮೊದಲ ಕೆಲಸ.